ಬರೆಯೋಕೆ ಒಂದು ಪೆನ್ ಸಾಕು, ಮತ್ಯಾಕೆ ಮನಸ್ಸು ಹತ್ತು ಪೆನ್ನು ಇಪ್ಪತ್ತು ಇಂಕು ಕೇಳುತ್ತೆ?

ಅಂತರಗಂಗೆ_ಹುಡುಗ
ನಮಸ್ಕಾರ ಎಲ್ರಿಗೂ, ನಾನು ಕೋಲಾರದ ಹತ್ರ ಹಳ್ಳಿಯವ್ನು, ನಮ್ಮೂರ ಹಾಲಿನ ಡೈರಿಲಿ ಲೆಕ್ಕ ಬರೀತೀನಿ. ಹೋದ್ ವರ್ಷ ತಾತನ ಟ್ರಂಕಲ್ಲಿ ಒಂದು ಹಳೇ ಹೀರೋ ಕಂಪನಿ ಇಂಕ್ ಪೆನ್ ಸಿಕ್ತು, ತಾತ ಕೆಜಿಎಫ್ ಮೈನ್ಸಲ್ಲಿ ಹಾಜರಿ ಬರೀತಿದ್ರು, 2001ರಲ್ಲಿ ಮೈನ್ಸ್ ಮುಚ್ಚಿದ ಮೇಲೆ ಆ ಪೆನ್ ಮುಟ್ಟೇ ಇರ್ಲಿಲ್ವಂತೆ. ರಾತ್ರಿ ಲೋಟದ ನೀರಲ್ಲಿ ನೆನೆ ಹಾಕಿದ್ದೆ, ಬೆಳಗ್ಗೆ ನೋಡಿದ್ರೆ ಲೋಟ ಪೂರ್ತಿ ನೀಲಿ! ಅವತ್ತಿಂದ ಹುಚ್ಚು ಹಿಡೀತು. ಕ್ಯಾಮ್ಲಿನ್ ರಾಯಲ್ ಬ್ಲೂ ತಂದೆ, ಆಮೇಲೆ ಲ್ಯಾಮಿ ಸಫಾರಿ ಪೆನ್, ಈಗ ಏಳು ಬಾಟ್ಲು ಇಂಕ್ ಐತೆ. ಈಗ 14 ಕ್ಯಾರೆಟ್ ನಿಬ್ ಇರೋ ಪ್ಲಾಟಿನಂ ಕಂಪನಿಯ 3776 ಪೆನ್ ಮೇಲೆ ಕಣ್ಣು ಬಿದ್ದೈತೆ, ನಿಬ್ಬಲ್ಲಿ ಬಂಗಾರ ಅಂದ್ರೆ ನಮ್ ಕಡೆಯವ್ರಿಗೆ ಆಸೆ ಜಾಸ್ತಿ. ಮನೆಯಾಕೆ ಕೇಳ್ತಾಳೆ, ಬರೆಯೋದು ಅದೇ ಲೀಟರು ಫ್ಯಾಟು ಅಲ್ವಾ ಅಂತ. ಅವಳಿಗೆ ಏನ್ ಹೇಳ್ಲಿ? ಬಂಗಾರದ ನಿಬ್ಬಿಗೆ ಅಷ್ಟು ದುಡ್ಡು ಹಾಕ್ಬೋದಾ? ಇನ್ನೊಂದು, ಒದ್ದೆ ಕೈ ತಾಗಿದ್ರೆ ರಿಜಿಸ್ಟರ್ ಅಕ್ಷರ ಎಲ್ಲಾ ಹರಡುತ್ತೆ, ಅದಕ್ಕೇನ್ ಮಾಡೋದು?

ನಿಬ್ಬುಮೇಷ್ಟ್ರು
ತಮ್ಮಾ, ನಾನು ಮುಳಬಾಗಿಲಿನವನು, ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದೆ. ತಾತನ ಪೆನ್ನಲ್ಲಿ ನಿಬ್ ಮುಚ್ಚಿಕೊಂಡು ತುದಿ ಮಾತ್ರ ಕಾಣಿಸ್ತಿದ್ರೆ ಅದು 1941ರಲ್ಲಿ ಬಂದ ಪಾರ್ಕರ್ 51 ಪೆನ್ ನೋಡಿ ಅದೇ ಥರ ಮಾಡಿದ್ದು, ಜೋಪಾನವಾಗಿ ಇಟ್ಕೋ.

ಬಂಗಾರದ ವಿಷಯಕ್ಕೆ ಬರೋಣ. 14 ಕ್ಯಾರೆಟ್ ಅಂದ್ರೆ ನೂರಕ್ಕೆ 58.5 ಭಾಗ ಬಂಗಾರ, ನಿಬ್ ಮೇಲೆ 585 ಅಂತ ಹೊಡೆದಿರ್ತಾರೆ. ಆದ್ರೆ ಕಾಗದಕ್ಕೆ ಉಜ್ಜೋದು ಬಂಗಾರ ಅಲ್ಲಪ್ಪ, ತುದಿಗೆ ಬೆಸೆದಿರೋ ಗಟ್ಟಿ ಲೋಹದ ಒಂದು ಕಾಳು, ಅದು ಸ್ಟೀಲ್ ನಿಬ್ಬಲ್ಲೂ ಇರುತ್ತೆ. ಹಿಂದೆ ಇಂಕಲ್ಲಿ ಆಮ್ಲ ಜಾಸ್ತಿ, ಸ್ಟೀಲನ್ನ ತಿಂದು ಹಾಕ್ತಿತ್ತು, ಬಂಗಾರ ತುಕ್ಕು ಹಿಡಿಯಲ್ಲ, ಅದಕ್ಕೇ ಬಂಗಾರದ ನಿಬ್ ಬಂದಿದ್ದು. ಈಗ ಒಳ್ಳೇ ಸ್ಟೀಲ್ ನಿಬ್ಬೂ ಚೆನ್ನಾಗೇ ಬರೆಯುತ್ತೆ. ಹಂಗಂತ ತಗೋಬೇಡ ಅನ್ನಲ್ಲ ನಾನು, 3776 ಅನ್ನೋದು ಫ್ಯೂಜಿ ಬೆಟ್ಟದ ಎತ್ತರ ಮೀಟರ್ ಲೆಕ್ಕದಲ್ಲಿ, ಮೋಂಟ್‌ಬ್ಲಾಂಕ್ ನಿಬ್ ಮೇಲೂ ಹಂಗೇ 4810 ಅಂತ ಅದೇ ಹೆಸರಿನ ಬೆಟ್ಟದ ಎತ್ತರ ಕೆತ್ತಿರ್ತಾರೆ, ಇಷ್ಟು ಪ್ರೀತಿಯಿಂದ ಮಾಡಿದ ವಸ್ತು ಕೈಯಲ್ಲಿ ಹಿಡಿದ್ರೆ ಸುಖವಾಗೇ ಇರುತ್ತೆ.

ಒಂದು ಮಾತು ಮಾತ್ರ ಮರೀಬೇಡ, ಕನ್ನಡ ಬರೆಯೋನು ಫೈನ್, ಅಂದ್ರೆ ಸಣ್ಣ ತುದಿಯ ನಿಬ್ ತಗೋಬೇಕು. ನಮ್ಮ ಅಕ್ಷರ ಎಲ್ಲಾ ದುಂಡಗೆ, ಕೆಳಗೆ ಒತ್ತಕ್ಷರ ಬೇರೆ, ದಪ್ಪ ನಿಬ್ಬಲ್ಲಿ "ಕ್ಷ್ಮ" ಬರೆದು ನೋಡು, ಹೊಟ್ಟೆಯೊಳಗೆಲ್ಲ ಮಸಿ ತುಂಬ್ಕೊಂಡು ಮುದ್ದೆ ಆಗುತ್ತೆ. ಜಪಾನಿನ ಫೈನ್ ಜರ್ಮನಿ ಫೈನಿಗಿಂತ ಸಣ್ಣ, ಅದೇ ನಿನಗೆ ಸರಿ.

ರಿಜಿಸ್ಟರಿಗೆ ಐರನ್ ಗಾಲ್ ಇಂಕ್, ಅಂದ್ರೆ ಒಗರಿಗೆ ಕಬ್ಬಿಣದ ಉಪ್ಪು ಸೇರಿಸಿ ಮಾಡಿದ ಇಂಕ್ ಹಾಕು, ಪ್ಲಾಟಿನಂ ಬ್ಲೂ ಬ್ಲಾಕ್ ಆ ಜಾತಿದೇ. ಗಾಳಿ ತಾಗ್ತಾ ತಾಗ್ತಾ ಕಪ್ಪಾಗಿ ಕಾಗದಕ್ಕೆ ಕಚ್ಕೊಳುತ್ತೆ, ನೀರು ಬಿದ್ರೂ ಗೆರೆ ಉಳಿಯುತ್ತೆ. ಇದೇನು ನಮಗೆ ಹೊಸದಲ್ಲ, ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಅನ್ನೋ ಕಬ್ಬಿಣದ ಉಪ್ಪು ಹಾಕಿ ಮಸಿ ಮಾಡ್ತಿದ್ರಲ್ಲ, ಅದೇ ಗುಣ. ಪೆನ್ನಲ್ಲಿ ಒಣಗೋಕೆ ಮಾತ್ರ ಬಿಡಬೇಡ, ಆಗಾಗ ನೀರಲ್ಲಿ ತೊಳೀತಿರು.

ರೇಷ್ಮೆಗೂಡು
ಮೇಷ್ಟ್ರು ನಿಬ್ ಬಗ್ಗೆ ಹೇಳಿದ್ರು, ನಾನು ಇಂಕ್ ಕಡೆಯವಳು. ನಮ್ದು ಶಿಡ್ಲಘಟ್ಟ. ರೇಷ್ಮೆ ಸೀರೇಲಿ ಎರಡು ಬಣ್ಣದ ನೂಲು ಹಾಕಿ ನೇಯ್ದಿರ್ತಾರಲ್ಲ, ಹಿಂಗೆ ತಿರುಗಿಸಿದ್ರೆ ಹಸಿರು ಹಂಗೆ ತಿರುಗಿಸಿದ್ರೆ ಕೆಂಪು, ಎರ್ಬಾನ್ ಕಂಪನಿಯ ಎಮರಾಲ್ಡ್ ಆಫ್ ಚಿವೋರ್ ಅನ್ನೋ ಇಂಕ್ ಹಂಗೇ, ಹಸಿರಲ್ಲಿ ಬರೀತೀರ, ಒಣಗಿದ ಮೇಲೆ ಅಂಚಲ್ಲಿ ಕೆಂಪು ಹೊಳಪು, ಅದರೊಳಗೆ ಬಂಗಾರದ ಮಿನುಗು. ಪೈಲಟ್ ಇರೋಶಿಝುಕು ಕೋನ್ ಪೆಕಿ ಅಂತ ಒಂದು ನೀಲಿ, ಒಂದೇ ಅಕ್ಷರದಲ್ಲಿ ಶುರು ತೆಳು, ಗೆರೆ ನಿಂತ ಕಡೆ ಗಾಢ, ನನಗಂತೂ ಒಣಗೋವರೆಗೂ ಕಣ್ಣು ತೆಗೆಯೋಕಾಗಲ್ಲ. ನಿಮ್ಮನೆಯವರಿಗೆ ಬಾಯಲ್ಲಿ ಹೇಳ್ಬೇಡಿ ಅಣ್ಣ, ಅವರ ಹೆಸರು ಅವರ ಕೈಯಲ್ಲೇ ನಾಕು ಇಂಕಲ್ಲಿ ಬರೆಸಿ.

ಜೆರಾಕ್ಸ್ ಹಾಳೆ ಇಂಕ್ ಎಲ್ಲಾ ಹೀರ್ಕೊಂಡು ಬಿಡುತ್ತೆ, ಹೊಳಪು ಗಿಳಪು ಏನೂ ಕಾಣಲ್ಲ, ಜಪಾನಿನ ಟೊಮೋಯೆ ರಿವರ್ ಕಾಗದದ ಥರ ಹೀರದೇ ಇರೋ ಕಾಗದ ಬೇಕು. ಮಿನುಗೋ ಇಂಕ್ ಫೈನ್ ನಿಬ್ಬಲ್ಲಿ ಕಟ್ಕೊಳುತ್ತೆ, ಹುಷಾರು. ಮತ್ತೆ ದುಬಾರಿ ಇಂಕು ಬಾಟ್ಲುಗಟ್ಲೆ ತಗೋಬೇಡಿ, 2 ಎಂಎಲ್ ಸ್ಯಾಂಪಲ್ ಮೊದ್ಲು ನೋಡಿ. ನಮ್ಮಲ್ಲೇ ಪಾಲಕ್ಕಾಡಿನ ಕೃಷ್ಣ ಇಂಕ್, ಕೊಲ್ಕತ್ತದ ಸುಲೇಖಾ ಇದಾವೆ, ಸುಲೇಖಾ 1934ರಲ್ಲಿ ಸ್ವದೇಶಿ ಚಳವಳಿ ಕಾಲದಲ್ಲಿ ಶುರುವಾಗಿದ್ದು.

ಅಂತರಗಂಗೆ_ಹುಡುಗ
ಮೇಷ್ಟ್ರೇ, ಅಕ್ಕ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಅವಳ ಕೈಗೆ ಪೆನ್ ಕೊಟ್ಟೆ, ಹೆಸರು ಬರೆದ್ಳು, ಆಮೇಲೆ ಮಗಳ ಹೆಸರು, ಆಮೇಲೆ ಅವರಮ್ಮನ ಹೆಸರು, ಹಾಳೆ ತುಂಬ್ತು. ಬ್ಲೂ ಬ್ಲಾಕ್ ತರಿಸ್ತಾ ಇದೀನಿ, 3776 ದೀಪಾವಳಿ ಹೊತ್ತಿಗೆ ನೋಡೋಣ ಅಂತ ಅವಳೇ ಅಂದ್ಳು. ಅಕ್ಕ, ಆ ಹಸಿರು ಇಂಕ್ 2 ಎಂಎಲ್ ಎಲ್ಲಿ ಸಿಗುತ್ತೆ ಹೇಳಿ, ಅವಳಿಗೆ ಬೇಕಂತೆ.