'ಬಹಿಷ್ಕರಿಸು' ಅಂದರೆ ಹೊರಗೆ ಹಾಕುವುದೋ, ಹೊರಗೆ ಉಳಿಯುವುದೋ?

ಎಲ್ಲರಿಗೂ ನಮಸ್ಕಾರ.

1976ರ ಮಾಂಟ್ರಿಯಲ್ ಒಲಿಂಪಿಕ್ಸ್ ಬಗ್ಗೆ ಒಂದು ಬರಹ ತಿದ್ದುತ್ತಿದ್ದೇನೆ. ಅದರಲ್ಲಿ ಹೀಗೊಂದು ವಾಕ್ಯ ಇದೆ: "ನ್ಯೂಜಿಲೆಂಡನ್ನು ಬಹಿಷ್ಕರಿಸಲು ಸಮಿತಿ ಒಪ್ಪದಿದ್ದಾಗ ಆಫ್ರಿಕಾದ ದೇಶಗಳು ಒಲಿಂಪಿಕ್ಸನ್ನೇ ಬಹಿಷ್ಕರಿಸಿದವು." ವ್ಯಾಕರಣದಲ್ಲಿ ತಪ್ಪೇನಿಲ್ಲ. ಆದರೆ ಮೊದಲನೆಯ 'ಬಹಿಷ್ಕರಿಸು' ಅಂದರೆ ಆಚೆ ಹಾಕು. ಎರಡನೆಯದು ಅಂದರೆ ತಾವಾಗಿಯೇ ಆಚೆ ಉಳಿ. ವಿಷಯ ಗೊತ್ತಿಲ್ಲದವರು ಓದಿದರೆ ಯಾರು ಯಾರನ್ನು ಹೊರಗೆ ಹಾಕಿದರು ಅಂತ ತಲೆ ಕೆರೆದುಕೊಳ್ಳಬೇಕು, ಅಲ್ವಾ?

ನಡೆದದ್ದು ಇಷ್ಟು. ಆ ವರ್ಷ ನ್ಯೂಜಿಲೆಂಡಿನ ರಗ್ಬಿ ತಂಡ ದಕ್ಷಿಣ ಆಫ್ರಿಕಾಕ್ಕೆ ಆಡಲು ಹೋಯಿತು. ವರ್ಣಭೇದದ ಕಾರಣಕ್ಕೆ ದಕ್ಷಿಣ ಆಫ್ರಿಕಾವನ್ನು 1964ರಿಂದಲೇ ಒಲಿಂಪಿಕ್ಸ್‌ಗೆ ಸೇರಿಸುತ್ತಿರಲಿಲ್ಲ. 1970ರಲ್ಲಿ ಸಮಿತಿಯಿಂದಲೂ ತೆಗೆದುಹಾಕಿದ್ದರು. ಅಂಥವರ ಜೊತೆ ಆಡಿದ ನ್ಯೂಜಿಲೆಂಡನ್ನೂ ಹೊರಗಿಡಿ ಅಂತ ಆಫ್ರಿಕಾದವರು ಕೇಳಿದರು. ರಗ್ಬಿ ನಮ್ಮ ಆಟವೇ ಅಲ್ಲ ಅಂತ ಸಮಿತಿ ಕೈತೊಳೆದುಕೊಂಡಿತು. ಇಪ್ಪತ್ತಕ್ಕೂ ಹೆಚ್ಚು ದೇಶಗಳು ಆಡಲಿಲ್ಲ.

ಈಗ ಪದಕ್ಕೆ ಬರೋಣ. ಊರಿನ ಮಾತಿನಲ್ಲಿ 'ಬಹಿಷ್ಕಾರ ಹಾಕು' ಅಂದರೆ ಗೊಂದಲವೇ ಇಲ್ಲ. ಆ ಮನೆಯವರನ್ನು ಮಾತಾಡಿಸುವಂತಿಲ್ಲ, ಅಂಗಡಿಯಲ್ಲಿ ಸಾಮಾನು ಕೊಡುವಂತಿಲ್ಲ, ಕೂಲಿಗೆ ಕರೆಯುವಂತಿಲ್ಲ. ಅಲ್ಲಿ ವಾಕ್ಯದ ಕಟ್ಟೂ ಬೇರೆ: "ಅವರಿಗೆ ಬಹಿಷ್ಕಾರ ಹಾಕಿದರು." ರಸ್ತೆ ಮಾಡಿಕೊಡಲಿಲ್ಲ ಅಂತ ಇಡೀ ಊರು ವೋಟು ಹಾಕದೇ ಕೂತರೆ "ಮತದಾನ ಬಹಿಷ್ಕರಿಸಿದರು" ಅನ್ನುತ್ತೇವೆ. 'ಅವರಿಗೆ ಹಾಕು' ಒಂದು ಕಡೆ, 'ಅದನ್ನು ಬಹಿಷ್ಕರಿಸು' ಇನ್ನೊಂದು ಕಡೆ. ಈ ಗೆರೆ ಅಳಿಸದೇ ಇದ್ದರೆ ಒಂದೇ ಪದ ಸಾಕಾಗುತ್ತಿತ್ತೋ ಏನೋ. ಬರವಣಿಗೆಯಲ್ಲಿ ಎರಡೂ ಕಲಸಿಹೋಗಿವೆ. "ಒಲಿಂಪಿಕ್ಸ್‌ಗೆ ಬಹಿಷ್ಕಾರ ಹಾಕಿದ ದೇಶಗಳು" ಅಂತಲೂ ಬರೆಯುತ್ತಾರೆ.

ಇಂಗ್ಲಿಷಿನ ಬಾಯ್ಕಾಟ್ ಕೂಡ ಮೊದಲು ಇಂಥದ್ದೇ ಊರ ಬಹಿಷ್ಕಾರ. 1880ರಲ್ಲಿ ಐರ್ಲೆಂಡಿನ ಮೇಯೊದಲ್ಲಿ ಜಮೀನ್ದಾರನ ಪರ ಗೇಣಿ ವಸೂಲಿ ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ಬಾಯ್ಕಾಟ್ ಎಂಬವನಿಗೆ ಊರವರು ಆಳು, ಅಂಗಡಿ ಎಲ್ಲ ಬಂದ್ ಮಾಡಿದ್ದರು. ಸರಿಯಾಗಿ ನೂರು ವರ್ಷಕ್ಕೆ ಮಾಸ್ಕೋ ಒಲಿಂಪಿಕ್ಸ್ ಬಂತು. ಅಷ್ಟರಲ್ಲಿ ಆ ಪದಕ್ಕೆ 'ನಾವು ಬರಲ್ಲ' ಅನ್ನುವ ಅರ್ಥವೇ ಜಾಸ್ತಿಯಾಗಿತ್ತು.

ಮಾಸ್ಕೋ ವಿಷಯದಲ್ಲಿ ನನ್ನ ತಕರಾರು 'ಬಹಿಷ್ಕೃತ ಒಲಿಂಪಿಕ್ಸ್' ಅನ್ನುವುದರ ಮೇಲೆ. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ನುಗ್ಗಿದ್ದಕ್ಕೆ ಅಮೆರಿಕ ಮತ್ತು ಅದರ ಜೊತೆಯವರು ಬರಲಿಲ್ಲ, ನಿಜ. ಆದರೆ 'ಬಹಿಷ್ಕೃತ' ಅಂದಕೂಡಲೇ ಅಲ್ಲಿ ಆಡಿದವರಿಗೂ ಏನೋ ಮೈಲಿಗೆ ಅಂಟಿಕೊಂಡ ಹಾಗೆ ಕೇಳುತ್ತದೆ. ನಮ್ಮ ಹಾಕಿ ಚಿನ್ನ ಅಲ್ಲಿಯದೇ. ಆ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. ಆಡಿದ್ದು ಆರೇ ತಂಡ, ಪಾಕಿಸ್ತಾನ ಇಲ್ಲ, ಪಶ್ಚಿಮ ಜರ್ಮನಿ ಇಲ್ಲ. ತಾಂಜಾನಿಯಾ ವಿರುದ್ಧ 18-0 ಗೆದ್ದದ್ದನ್ನು ಯಾರೂ ದೊಡ್ಡದು ಮಾಡಬೇಕಿಲ್ಲ. ಫೈನಲ್‌ನಲ್ಲಿ ಸ್ಪೇನ್ ವಿರುದ್ಧ 4-3 ಮಾತ್ರ ಸುಮ್ನೆ ಬಂದದ್ದಲ್ಲ. 'ಹಲವರು ಬಾರದ ಒಲಿಂಪಿಕ್ಸ್' ಅಂದರೆ ಇದ್ದದ್ದು ಇದ್ದ ಹಾಗೆ ಹೇಳಿದಂತಾಗುತ್ತದೆ. ಉದ್ದ ಆಯಿತು ಅನ್ನುವವರು ಬೇರೆ ಹೇಳಿ.

1984ರ ಲಾಸ್ ಏಂಜಲೀಸ್‌ಗೆ ಸೋವಿಯತ್ ಬಣ ಬರಲಿಲ್ಲ. ರೊಮೇನಿಯಾ ಮಾತ್ರ ಕಟ್ಟು ಮುರಿದು ಬಂತು. 400 ಮೀಟರ್ ಹರ್ಡಲ್ಸ್‌ನಲ್ಲಿ ಪಿ.ಟಿ. ಉಷಾ ಅವರ ಸಮಯ 55.42 ಸೆಕೆಂಡ್, ಕಂಚು ಗೆದ್ದ ಕ್ರಿಸ್ಟಿನಾ ಕೊಜೊಕಾರು ಅವರದು 55.41. ಕೊಜೊಕಾರು ರೊಮೇನಿಯಾದವರು! ಹಾಗಂತ ಅವರೂ ಬರದಿದ್ದರೆ ಅಂತ ಲೆಕ್ಕ ಹಾಕುವವರು, ಸೋವಿಯತ್ ಓಟಗಾರ್ತಿಯರು ಬಂದಿದ್ದರೆ ಅನ್ನುವುದನ್ನೂ ಲೆಕ್ಕಕ್ಕೆ ತಗೋಬೇಕಾಗುತ್ತದೆ. ಇಲ್ಲಿ 'ಬಹಿಷ್ಕಾರ ಮುರಿದು' ಅನ್ನುವುದು ಚೆನ್ನಾಗಿಯೇ ಹೊಂದುತ್ತದೆ, ಅದನ್ನು ಬದಲಿಸುವುದು ಬೇಡ.

ನನಗೆ ಪದ ಸಿಗದೇ ಇರುವುದು ಮೂರನೆಯ ಥರದವರಿಗೆ. ತಾಂಜಾನಿಯಾದ ಫಿಲ್ಬರ್ಟ್ ಬಾಯಿ (ಹೆಸರೇ ಹಾಗೆ, ನಗಬೇಡಿ) 1974ರಲ್ಲಿ ಕ್ರೈಸ್ಟ್‌ಚರ್ಚ್‌ನ ಕಾಮನ್‌ವೆಲ್ತ್ ಕೂಟದಲ್ಲಿ 1500 ಮೀಟರನ್ನು 3 ನಿಮಿಷ 32.2 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಮಾಡಿದ್ದರು. ಮೊದಲಿಂದ ಕೊನೆವರೆಗೂ ತಾವೇ ಮುಂದೆ. ಬೆನ್ನಿಗೇ ಬಂದ ನ್ಯೂಜಿಲೆಂಡಿನ ಜಾನ್ ವಾಕರ್ ಕೂಡ ಹಳೆಯ ದಾಖಲೆಗಿಂತ ಬೇಗ ಓಡಿದ್ದರು. ಇವರಿಬ್ಬರ ಮರುಓಟ ಮಾಂಟ್ರಿಯಲ್‌ನಲ್ಲಿ ಅಂತ ಎಲ್ಲರೂ ಕಾದಿದ್ದರು. ತಾಂಜಾನಿಯಾ ಆಡಲಿಲ್ಲ. ವಾಕರ್ 3 ನಿಮಿಷ 39.17 ಸೆಕೆಂಡಿಗೇ ಚಿನ್ನ ಗೆದ್ದರು. ಬಾಯಿ ಅವರಿಗೆ ಒಲಿಂಪಿಕ್ ಪದಕ ಸಿಕ್ಕಿದ್ದು 1980ರಲ್ಲಿ, ಅದೂ ಸ್ಟೀಪಲ್‌ಚೇಸ್‌ನಲ್ಲಿ, ಬೆಳ್ಳಿ.

ನನ್ನ ಮುಂದಿರುವ ಬರಹದಲ್ಲಿ ಅವರನ್ನು 'ಬಹಿಷ್ಕೃತ ಓಟಗಾರ' ಅಂದಿದ್ದಾರೆ. ಅವರನ್ನು ಯಾರೂ ಹೊರಗೆ ಹಾಕಿರಲಿಲ್ಲ. 'ಬಹಿಷ್ಕರಿಸಿದ ಓಟಗಾರ' ಅಂದರೆ ನಿರ್ಧಾರ ಅವರದು ಅಂತಾಗುತ್ತದೆ, ನಿರ್ಧರಿಸಿದ್ದು ದೇಶ. 'ಗೈರಾದ' ಅಂದರೆ ಶಾಲೆ ತಪ್ಪಿಸಿಕೊಂಡವರ ಹಾಗೆ. 'ಅವಕಾಶವಂಚಿತ' ಅರ್ಜಿಯ ಭಾಷೆ.

ಸದ್ಯಕ್ಕೆ ದಕ್ಷಿಣ ಆಫ್ರಿಕಾಕ್ಕೆ 'ಹೊರಹಾಕು', ಬಾರದ ದೇಶಗಳಿಗೆ 'ಬಹಿಷ್ಕರಿಸು' ಅಂತ ಇಟ್ಟುಕೊಂಡಿದ್ದೇನೆ. ಬಾಯಿ ಅಂಥವರ ಜಾಗ ಖಾಲಿ ಇದೆ. ಊರೂರುಗಳ ಜಗಳದಲ್ಲಿ ಹಿರಿಯರು ಕಬಡ್ಡಿಗೋ ವಾಲಿಬಾಲ್‌ಗೋ ತಂಡ ಕಳಿಸದೇ ಇರುವುದು ಎಲ್ಲ ಕಡೆ ಇರುವಂಥದ್ದೇ. ಹಾಗೆ ಕೂತುಬಿಟ್ಟ ಹುಡುಗರ ಬಗ್ಗೆ ನಿಮ್ಮ ಕಡೆ ಏನಂತಾರೆ?