ಒಂದೇ ಪಾಕೀಟು: ಹಾರಿಸಿದವರಿಗೆ ಲಕ್ಷದ ಪಗಾರ, ಮನೆಗೆ ಮುಟ್ಟಿಸಿದವರಿಗೆ 14 ರೂಪಾಯಿ. ಈ ಲೆಕ್ಕ ಹೇಗೆ?

ಕೇಶ್ವಾಪುರ_ಓದುಗ

ಎಲ್ಲರಿಗೂ ನಮಸ್ಕಾರ. ದಿಲ್ಲಿಯಿಂದ ಹೊರಟ ಒಂದು ಪಾಕೀಟು ರಾತ್ರಿ ಸರಕು ವಿಮಾನದಲ್ಲಿ ಬೆಂಗಳೂರಿಗೆ ಬರುತ್ತದೆ, ಅಲ್ಲಿಂದ ಹುಬ್ಬಳ್ಳಿಯ ಗೋದಾಮಿಗೆ, ಕೊನೆಗೆ ಯಾರದೋ ಮನೆ ಬಾಗಿಲಿಗೆ. ವಿಮಾನದ ಕ್ಯಾಪ್ಟನ್‌ಗೆ ತಿಂಗಳಿಗೆ ಲಕ್ಷಗಳಲ್ಲಿ ಪಗಾರ, ಅಂಗಿಯ ಮೇಲೆ ನಾಲ್ಕು ಪಟ್ಟಿ, ತಂಗಲು ಹೋಟೆಲ್. ಅದೇ ಪಾಕೀಟನ್ನು ಮೂರನೇ ಮಹಡಿಗೆ ಹೊತ್ತು ಹತ್ತಿದ ಹುಡುಗನಿಗೆ ಪಾಕೀಟಿಗೆ ಇಷ್ಟು ಅಥವಾ ಗಂಟೆಗೆ ಇಷ್ಟು. ಎಷ್ಟೋ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಕೂಡ ಬಳಸಬೇಡ ಎನ್ನುತ್ತಾರೆ.

ಈ ಅಂತರಕ್ಕೆ ಕೌಶಲ ಒಂದೇ ಕಾರಣವೇ? ಗಂಟೆಯ ದರ ಇಟ್ಟುಕೊಂಡು ಇಬ್ಬರನ್ನೂ ಹೋಲಿಸುವುದು ಸರಿಯೇ? ಪೈಲಟ್‌ಗಳಿಗೆ ಇರುವ ಷರತ್ತುಗಳಲ್ಲಿ ಯಾವುದನ್ನು ನಮ್ಮ ಹುಬ್ಬಳ್ಳಿ-ಧಾರವಾಡದ ಡೆಲಿವರಿ ಹುಡುಗರು ಇವತ್ತೇ ಹಕ್ಕಿನಿಂದ ಕೇಳಬಹುದು? ದಯವಿಟ್ಟು ಅಂಕಿ ಸಮೇತ ಹೇಳಿ.

ಸಪ್ತಾಪುರ_ಲೆಕ್ಕ

ಮೊದಲು "ಗಂಟೆ" ಎಂಬ ಮಾತನ್ನೇ ಬಿಡಿಸಿ ನೋಡಬೇಕು, ಗೊಂದಲ ಹುಟ್ಟುವುದೇ ಅಲ್ಲಿ.

ಪೈಲಟ್‌ನ ದರದಲ್ಲಿ ಸಾಮಾನ್ಯವಾಗಿ ಎಣಿಸುವುದು ಬ್ಲಾಕ್ ಅವರ್. ವಿಮಾನ ನಿಂತ ಜಾಗದಿಂದ ಹೊರಟ ಕ್ಷಣಕ್ಕೆ ಅದು ಶುರು, ಇನ್ನೊಂದು ಊರಲ್ಲಿ ಇಳಿದು ನಿಂತಾಗ ಮುಗಿಯಿತು. ಹಾಜರಿ, ಉಸಿರಿನ ಮದ್ಯ ಪರೀಕ್ಷೆ, ಹವಾಮಾನದ ವರದಿ, ಇಂಧನದ ಲೆಕ್ಕ, ಸರಕಿನ ತೂಕ ಎಲ್ಲೆಲ್ಲಿ ಕೂತಿದೆ ಎಂಬ ಲೋಡ್ ಶೀಟ್, ಲೋಡಿಂಗ್ ತಡವಾದರೆ ಕಾಯುವಿಕೆ ಇವು ಆ ಗಂಟೆಯೊಳಗೆ ಬರುವುದಿಲ್ಲ. ಆದರೆ ಡ್ಯೂಟಿ ಅವಧಿ ಎಂಬ ಇನ್ನೊಂದು ಗಡಿಯಾರವಿದೆ. ಹಾಜರಿ ಹಾಕಿದ ಹೊತ್ತಿನಿಂದ ಅದು ಓಡುತ್ತಿರುತ್ತದೆ, ಮಿತಿ ಮುಟ್ಟಿದರೆ ಸರಕು ಅರ್ಧ ತುಂಬಿದ್ದರೂ ಆ ಪೈಲಟ್ ಹಾರುವಂತಿಲ್ಲ. ವರ್ಷಕ್ಕೆ 1000 ಗಂಟೆಗಿಂತ ಹೆಚ್ಚು ಹಾರಿಸುವಂತಿಲ್ಲ. ವಾರದ ವಿಶ್ರಾಂತಿಯನ್ನು ವಿಮಾನಯಾನದ ನಿಯಮ ಮಾಡುವ ಕೇಂದ್ರ ಸಂಸ್ಥೆ ಡಿಜಿಸಿಎ 36 ಗಂಟೆಯಿಂದ 48ಕ್ಕೆ ಏರಿಸಿದೆ. ಅದರ ಮೇಲೆ, ಬಹಳಷ್ಟು ಕರಾರುಗಳಲ್ಲಿ ತಿಂಗಳಿಗೆ ಇಂತಿಷ್ಟು ಗಂಟೆಯ ದುಡ್ಡು ಖಾತ್ರಿ ಇರುತ್ತದೆ. ಕಂಪನಿಗೆ ಸರಕು ಸಿಗದೆ ವಿಮಾನ ನಿಂತರೂ ಅಷ್ಟು ಬರಲೇಬೇಕು.

ಅಂದರೆ ಕಾಯುವ ಹೊತ್ತಿಗೆ ನೇರ ದರ ಇಲ್ಲದಿದ್ದರೂ ಅದನ್ನು ಯಾರೋ ಎಣಿಸುತ್ತಿದ್ದಾರೆ, ಬರೆದಿಡುತ್ತಿದ್ದಾರೆ. ಡೆಲಿವರಿ ಹುಡುಗ ಕಾಯುವ ಹೊತ್ತು ಯಾವ ಪುಸ್ತಕದಲ್ಲೂ ದಾಖಲಾಗುವುದಿಲ್ಲ. ನನ್ನ ಪ್ರಕಾರ ಇಬ್ಬರ ನಡುವಿನ ದೊಡ್ಡ ಅಂತರ ಇದೇ, ದರ ಆಮೇಲಿನದು.

ತಾರಿಹಾಳ_ಕ್ರಾಸ್

ಕೇಶ್ವಾಪುರ ಅಣ್ಣಾರ, ಡೆಲಿವರಿ ಕಡೆ ಲೆಕ್ಕಾ ಇಲ್ಲಿ ಹಾಕ್ತೀನಿ ನೋಡ್ರಿ. ರೇಟು ಕಂಪನಿಗೊಂದು, ಏರಿಯಾಕ್ಕೊಂದು ಇರ್ತದ. ಹಂಗಾಗಿ ಇದನ್ನ ಉದಾಹರಣಿ ಅಂತ ಹಿಡೀರಿ, ನಿಮ್ಮ ಅಂಕಿ ಹಾಕಿ ಮತ್ತ ಮಾಡ್ರಿ.

ಪಾಕೀಟಿಗೆ 14 ರೂಪಾಯಿ, ದಿನಕ್ಕ 60 ಮುಟ್ಟಿದ್ವು ಅಂದ್ರ 840. ಮುಂಜಾನೆ 8ಕ್ಕ ಗೋದಾಮಿಗೆ ಹೋಗ್ಬೇಕು. ಲಾರಿ ಬಂದು, ಮಾಲು ಇಳಿಸಿ, ಸ್ಕ್ಯಾನ್ ಮಾಡಿ, ಓಣಿ ಪ್ರಕಾರ ಬ್ಯಾಗಿಗೆ ತುಂಬೂದ್ರಾಗ 10 ಹೊಡೀತದ. ಈ ಎರಡು ತಾಸಿಗೆ ಒಂದು ಪೈಸಾ ಇಲ್ಲ. ಸಂಜಿ 6ಕ್ಕ ಮುಗೀತು ಅಂದ್ರ ಒಟ್ಟು 10 ತಾಸು.

ಗಾಡಿ 70 ಕಿ.ಮೀ. ಓಡ್ತು. ನಿಂತು ನಿಂತು ಹೋಗೂದ್ರಿಂದ ಸ್ಕೂಟರ್ ಲೀಟರಿಗೆ 45 ಕೊಡ್ತದ, ಪೆಟ್ರೋಲ್ 103 ಅಂತ ಹಿಡಿದ್ರ 160 ರೂಪಾಯಿ ಆತು. ಗಾಡಿ ಸವಕಳಿ ಯಾರೂ ಹಿಡಿಯೂದಿಲ್ಲ, ತಪ್ಪಾಗೂದ ಅಲ್ಲಿ. 90,000ದ ಗಾಡಿ 80,000 ಕಿ.ಮೀ. ಬಾಳ್ತು ಅಂದ್ರ ಬರೇ ಗಾಡಿನ ಕಿ.ಮೀ.ಗೆ 1 ರೂಪಾಯಿ 12 ಪೈಸೆ. 3,000 ಕಿ.ಮೀ.ಗೆ ಒಮ್ಮೆ ಎಂಜಿನ್ ಆಯಿಲ್, ಸುಮಾರು 15,000ಕ್ಕ ಹಿಂದಿನ ಟೈರು, 20,000ದ ಆಸುಪಾಸಿನ್ಯಾಗ ಬೆಲ್ಟು, ನಡುವ ಬ್ರೇಕ್ ಶೂ. ಭಾರ ಹೊತ್ತು ಓಡೂ ಗಾಡಿಗೆ ಇವೆಲ್ಲ ಇನ್ನೂ ಲಗೂನ ಬರ್ತಾವ. ಎಲ್ಲಾ ಕೂಡಿ ಕಿ.ಮೀ.ಗೆ ಒಂದೂವರೆ ರೂಪಾಯಿ ಹಿಡೀರಿ, 105 ಆತು.

840ರಾಗ 265 ಕಳದ್ರ ಉಳಿದದ್ದು 575. ಹತ್ತು ತಾಸಿಗೆ ಭಾಗಿಸಿದ್ರ ತಾಸಿಗೆ 57 ರೂಪಾಯಿ 50 ಪೈಸೆ. ಕೆಲಸಕ್ಕ ಸೇರಿಸ್ಕೊಳ್ಳೂವಾಗ ಹೇಳೂ ಲೆಕ್ಕಾ ಬ್ಯಾರೆ: ಖರ್ಚು ತಗಿಯೂದಿಲ್ಲ, ಗೋದಾಮಿನ ಎರಡು ತಾಸು ಬಿಡ್ತಾರ, 840ನ್ನ 8ರಿಂದ ಭಾಗಿಸಿ 105 ಅಂತಾರ. ಅಂಕಿ ಸುಳ್ಳಲ್ಲ, ಆದ್ರ ಅರ್ಧಾ ರೊಕ್ಕ ಕಿಸೆಕ್ಕ ಬರೂದಿಲ್ಲ.

ಇನ್ನ ಬ್ಯಾಗಿನ್ಯಾಗಿನ ವಾಪಸ್ ಮಾಲು. 60 ಮುಟ್ಟಬೇಕಂದ್ರ 70 ತುಂಬ್ಕೊಂಡು ಹೋಗ್ಬೇಕಾಗ್ತದ. ಬಾಗಿಲಾ ಹಾಕಿರ್ತದ, ಫೋನ್ ಎತ್ತೂದಿಲ್ಲ, ಕ್ಯಾಶ್ ಇಲ್ಲ ನಾಳೆ ಬಾ ಅಂತಾರ. ಆ ಹತ್ತಕ್ಕ ಪೆಟ್ರೋಲು ಸುಟ್ಟಿರ್ತದ, ಮೆಟ್ಟಲಾ ಹತ್ತಿರ್ತಾನ, ರೊಕ್ಕ ಮಾತ್ರ ಇಲ್ಲ. ಹುಬ್ಬಳ್ಳಿ-ಧಾರವಾಡ ರೋಡಿನ್ಯಾಗ ಇನ್ನೊಂದು ಲುಕ್ಸಾನ ಐತಿ. ನಡುವ ಚಿಗರಿ ಬಸ್ಸಿಗಷ್ಟ ಮೀಸಲಿಟ್ಟ ದಾರಿ ಇರೂದ್ರಿಂದ ಎದುರಿಗಿನ ಮನಿಗೆ ಹೋಗಾಕ ಮುಂದಿನ ಸಿಗ್ನಲ್ ತನಕ ಹೋಗಿ ತಿರುಗಬೇಕು. ಉಣಕಲ್, ನವನಗರ, ರಾಯಾಪುರ ಕಡೆ ಹಿಂಗ ದಿನಕ್ಕ ಹತ್ತು ಸಲ ತಿರುಗಿದ್ರ ಮ್ಯಾಪಿನ ಕಿ.ಮೀ.ಗೂ ಗಾಡಿ ಮೀಟರಿಗೂ ತಾಳೆ ಆಗೂದಿಲ್ಲ.

ವಿದ್ಯಾನಗರ_ಹಾರಾಟ

ಸಪ್ತಾಪುರ ಸರ್ ಹೇಳಿದ್ದು ಸರಿ, ಆದರೆ ಕೌಶಲದ ಪಾಲನ್ನು ಅಷ್ಟು ಬೇಗ ದಾಟಿಹೋಗಬಾರದು.

ವಾಣಿಜ್ಯ ಪೈಲಟ್ ಲೈಸೆನ್ಸಿಗೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಇರಬೇಕು. 200 ಗಂಟೆ ಹಾರಾಟ, ಅದರಲ್ಲಿ 100 ಗಂಟೆ ಪೈಲಟ್ ಇನ್ ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ. ಏರ್ ನ್ಯಾವಿಗೇಷನ್, ಹವಾಮಾನ, ನಿಯಮ, ತಾಂತ್ರಿಕ ವಿಷಯಗಳಲ್ಲಿ ತಲಾ ಶೇ. 70 ಅಂಕ ಬಂದರೆ ಮಾತ್ರ ಪಾಸು. ಕ್ಯಾಪ್ಟನ್ ಆಗಲು ಬೇಕಾದ ಮೇಲಿನ ಹಂತದ ಲೈಸೆನ್ಸ್ ಎಟಿಪಿಎಲ್‌ಗೆ 1500 ಗಂಟೆ. ನಮ್ಮ ಕಡೆಯವರು ಬೆಳಗಾವಿಯ ಸಾಂಬ್ರಾ, ಕಲಬುರಗಿ ಅಥವಾ ಬೆಂಗಳೂರಿನ ಜಕ್ಕೂರಿನ ಹಾರಾಟ ತರಬೇತಿ ಶಾಲೆ ನೋಡುತ್ತಾರೆ. ನಿರ್ದಿಷ್ಟ ವಿಮಾನಕ್ಕೆ ಬೇಕಾದ ಟೈಪ್ ರೇಟಿಂಗ್ ಸೇರಿದರೆ ಖರ್ಚು ಅರ್ಧ ಕೋಟಿ ದಾಟುತ್ತದೆ. 50 ಲಕ್ಷ ಸಾಲ, ಶೇ. 11 ಬಡ್ಡಿ, 10 ವರ್ಷ ಎಂದು ಹಿಡಿದರೆ ತಿಂಗಳ ಕಂತು ಸುಮಾರು 68,900 ರೂಪಾಯಿ. ಲೈಸೆನ್ಸ್ ಕೈಗೆ ಬಂದ ಮೇಲೂ ಕೆಲಸ ಸಿಗದೆ ಕಂತು ಕಟ್ಟುವವರಿದ್ದಾರೆ. ಹೊಲ ಅಡವಿಡುವ ಮೊದಲು ತಂದೆ-ತಾಯಿ ಇದನ್ನು ತಿಳಿದಿರಬೇಕು.

ಕೆಲಸ ಸಿಕ್ಕ ಮೇಲೂ ಆರು ತಿಂಗಳಿಗೊಮ್ಮೆ ಸಿಮ್ಯುಲೇಟರ್‌ನಲ್ಲಿ ಪರೀಕ್ಷೆ. ಎಂಜಿನ್ ಬೆಂಕಿ, ಓಡುದಾರಿಯ ಮೇಲೆ ಒಂದು ಎಂಜಿನ್ ಕೈಕೊಡುವುದು, ಎಲ್ಲ ಮಾಡಿಸುತ್ತಾರೆ. ವೈದ್ಯಕೀಯದಲ್ಲಿ ಅನರ್ಹರಾದರೆ ಅಂದಿಗೆ ಹಾರಾಟ ನಿಂತಿತು. ರಾತ್ರಿ ಸರಕು ಹಾರಿಸುವುದು ದೇಹಕ್ಕೂ ಭಾರ. 2013ರ ಆಗಸ್ಟ್ 14ರ ನಸುಕಿನಲ್ಲಿ ಅಮೆರಿಕದ ಬರ್ಮಿಂಗ್‌ಹ್ಯಾಮ್‌ನಲ್ಲಿ ಯುಪಿಎಸ್ ಎಂಬ ಪಾರ್ಸೆಲ್ ಕಂಪನಿಯ ಸರಕು ವಿಮಾನ ಬಿದ್ದು ಇಬ್ಬರೂ ಪೈಲಟ್‌ಗಳು ಸತ್ತರು. ತನಿಖೆ ಗುರುತಿಸಿದ ಕಾರಣಗಳಲ್ಲಿ ಆಯಾಸವೂ ಇತ್ತು. ಅಮೆರಿಕದಲ್ಲಿ 2014ರ ಜನವರಿಯಿಂದ ಜಾರಿಯಾದ ಹೊಸ ವಿಶ್ರಾಂತಿ ನಿಯಮಗಳಿಂದ ಸರಕು ಪೈಲಟ್‌ಗಳನ್ನೇ ಹೊರಗಿಟ್ಟರು. ಪ್ರಯಾಣಿಕರಿಲ್ಲದ ವಿಮಾನದ ಪೈಲಟ್‌ಗೆ ನಿದ್ದೆ ಕಡಿಮೆ ಸಾಕು ಎಂಬಂತಾಯಿತು. ಅದು ಅನ್ಯಾಯ.

ಸಪ್ತಾಪುರ_ಲೆಕ್ಕ

ವಿದ್ಯಾನಗರದವರ ಮಾತು ಒಪ್ಪುತ್ತೇನೆ. ಅಂತರ ಯಾಕೆ ಇದೆ ಎಂಬುದಕ್ಕೆ ಕೌಶಲ ಉತ್ತರ. ಅಂತರ ಇಷ್ಟು ದೊಡ್ಡದು ಯಾಕೆ ಎಂಬುದಕ್ಕೆ ಅಲ್ಲ. ಯುಪಿಎಸ್ ಹೆಸರು ಬಂತಲ್ಲ, ಅದನ್ನೇ ನೋಡೋಣ. ಒಂದೇ ಕಂಪನಿಯಲ್ಲಿ ಪೈಲಟ್‌ಗಳೂ ಇದ್ದಾರೆ, ಮನೆಮನೆಗೆ ಹೋಗುವ ಡ್ರೈವರ್‌ಗಳೂ ಇದ್ದಾರೆ. ಪೈಲಟ್‌ಗಳಿಗೆ ಇಂಡಿಪೆಂಡೆಂಟ್ ಪೈಲಟ್ಸ್ ಅಸೋಸಿಯೇಷನ್, ಡ್ರೈವರ್‌ಗಳಿಗೂ ಗೋದಾಮಿನವರಿಗೂ ಟೀಮ್‌ಸ್ಟರ್ಸ್ ಯೂನಿಯನ್. 2023ರ ಕರಾರಿನ ಪ್ರಕಾರ ಪೂರ್ಣಾವಧಿ ಡ್ರೈವರ್‌ಗಳ ಮೇಲಿನ ಹಂತದ ಸರಾಸರಿ ದರ ಐದು ವರ್ಷದ ಕೊನೆಗೆ ಗಂಟೆಗೆ 49 ಡಾಲರ್, ಅರೆಕಾಲಿಕರಿಗೆ ಕನಿಷ್ಠ 21. ಹೊಸ ಗಾಡಿಗಳಿಗೆ ಎಸಿ ಕೂಡ ಕರಾರಿನಲ್ಲೇ ಬಂತು.

ಹಿರಿಯ ಕ್ಯಾಪ್ಟನ್‌ಗೆ ಗಂಟೆಗೆ 350 ಡಾಲರ್, ತಿಂಗಳಿಗೆ 80 ಗಂಟೆ ಎಂದು ಹಿಡಿಯಿರಿ: 28,000. ಡ್ರೈವರ್‌ಗೆ 49ರಂತೆ 173 ಗಂಟೆ: 8,477. ಗಂಟೆಯ ದರದಲ್ಲಿ ಏಳು ಪಟ್ಟು ಕಾಣುವ ಅಂತರ ತಿಂಗಳಿಗೆ ಮೂರು ಪಟ್ಟು ಚಿಲ್ಲರೆಗೆ ಇಳಿಯಿತು. ಗಂಟೆಯ ದರ ಹೋಲಿಸಬಾರದು ಅನ್ನುವುದು ಇದಕ್ಕೇ. ಈಗ ತಾರಿಹಾಳದವರ 575ನ್ನು 25 ದಿನಕ್ಕೆ ಗುಣಿಸಿ: 14,375. ಇಲ್ಲಿಯ ಕ್ಯಾಪ್ಟನ್‌ಗೆ ತಿಂಗಳಿಗೆ 5 ಲಕ್ಷ ಎಂದು ಹಿಡಿದರೆ ಸುಮಾರು 35 ಪಟ್ಟು. ವಿಮಾನ ಹಾರಿಸುವ ವಿದ್ಯೆ ಎರಡೂ ದೇಶದಲ್ಲಿ ಒಂದೇ, ಮೆಟ್ಟಿಲು ಹತ್ತುವ ಕಷ್ಟವೂ ಒಂದೇ. ಅಲ್ಲಿ ಡ್ರೈವರ್ ಪರವಾಗಿ ಕರಾರು ಬರೆಸಿದವರಿದ್ದರು.

ಆ ಕರಾರು ಪುಕ್ಕಟೆ ಬಂದದ್ದಲ್ಲ. 1997ರ ಆಗಸ್ಟ್‌ನಲ್ಲಿ ಯುಪಿಎಸ್‌ನ ಸುಮಾರು 1,85,000 ಟೀಮ್‌ಸ್ಟರ್ಸ್ ಕಾರ್ಮಿಕರು 15 ದಿನ ಮುಷ್ಕರ ಹೂಡಿದರು. ಅರೆಕಾಲಿಕ ಕೆಲಸಗಳನ್ನು ಪೂರ್ಣಾವಧಿ ಮಾಡಿ ಎಂಬುದು ಮುಖ್ಯ ಬೇಡಿಕೆ. ಆಗ ಪೈಲಟ್‌ಗಳು ಮುಷ್ಕರಕ್ಕೆ ನಿಂತವರ ಸಾಲು ದಾಟಿ ಕೆಲಸಕ್ಕೆ ಹೋಗಲಿಲ್ಲ. ವಿಮಾನಗಳೂ ನಿಂತವು. ಕೊನೆಗೆ 10,000 ಹೊಸ ಪೂರ್ಣಾವಧಿ ಹುದ್ದೆಗಳ ಒಪ್ಪಂದವಾಯಿತು. 2023ರಲ್ಲೂ ಮುಷ್ಕರವಾದರೆ ಹಾರುವುದಿಲ್ಲ ಎಂದು ಪೈಲಟ್‌ಗಳ ಸಂಘ ಮೊದಲೇ ಸಾರಿತ್ತು.

ಗಬ್ಬೂರ_ಬೈಪಾಸ್

ನಡುವಿನ ಒಬ್ಬನ್ನ ಎಲ್ಲಾರೂ ಬಿಟ್ರಿ. ಬೆಂಗಳೂರಿಂದ ಹುಬ್ಬಳ್ಳಿಗೆ ಪಾಕೀಟು ಬಹುತೇಕ ಬರೂದು ರಾತ್ರಿ ಲಾರಿಯೊಳಗ, 400 ಕಿ.ಮೀ. ಮ್ಯಾಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕ 8 ತಾಸು, ವಾರಕ್ಕ 48 ಅಂತ ಬರೆದಿತ್ತು. ಐದು ತಾಸಿಗೆ ಅರ್ಧ ತಾಸು ವಿಶ್ರಾಂತಿ. ವಿಮಾನದಾಗ ತಾಸು ಮೀರಿದ್ರ ಹಾರಾಟ ನಿಲ್ತದ. ಲಾರಿಯೊಳಗ ತಾಸು ಎಣಿಸೂ ಯಂತ್ರನೂ ಇಲ್ಲ, ಮನಶ್ಯಾನೂ ಇಲ್ಲ.

ಬೆಟಗೇರಿ_ಕಾನೂನು

ಹುಡುಗರು ಇವತ್ತೇ ಹಕ್ಕಿನಿಂದ ಏನು ಕೇಳಬಹುದು ಎಂಬ ಮೂರನೇ ಪ್ರಶ್ನೆಗೆ ಉತ್ತರ. ಮೊದಲು ಗೊತ್ತಾಗಬೇಕಾದದ್ದು ಹುಡುಗ ಯಾವ ಗುಂಪಿನಲ್ಲಿದ್ದಾನೆ ಎಂಬುದು. ಕೊರಿಯರ್ ಗುತ್ತಿಗೆದಾರನ ಪಗಾರ ಪಟ್ಟಿಯಲ್ಲಿದ್ದರೆ ಅವನು ನೌಕರ. ಆ್ಯಪಿನಲ್ಲಿ "ಪಾರ್ಟ್ನರ್" ಆಗಿದ್ದರೆ ಗಿಗ್ ಕಾರ್ಮಿಕ. ಎರಡರ ದಾರಿ ಬೇರೆ ಬೇರೆ.

ಪಗಾರ ಪಟ್ಟಿಯವರು ಪಿಎಫ್ ಯುಎಎನ್ ನಂಬರ್ (ಪಿಎಫ್ ಖಾತೆಯ ಗುರುತಿನ ಸಂಖ್ಯೆ) ಮತ್ತು ನೌಕರರ ರಾಜ್ಯ ವಿಮೆಯ ಇಎಸ್‌ಐ ನಂಬರ್ ಎರಡನ್ನೂ ಕೇಳಿ ಪಡೆಯಬೇಕು. ಸ್ಲಿಪ್ಪಿನಲ್ಲಿ ಕಡಿತ ಕಂಡರೆ ಸಾಲದು, ಪಿಎಫ್ ಪಾಸ್‌ಬುಕ್ಕಿನಲ್ಲಿ ಪ್ರತಿ ತಿಂಗಳು ಜಮೆ ಆಗಿದೆಯೇ ನೋಡಬೇಕು. ಇಎಸ್‌ಐ ತಿಂಗಳಿಗೆ 21,000 ರೂಪಾಯಿವರೆಗಿನ ಪಗಾರಕ್ಕೆ ಅನ್ವಯ. ಹುಡುಗನ ಪಾಲು ಶೇ. 0.75, ಮಾಲೀಕನ ಪಾಲು ಶೇ. 3.25. 15,000ಕ್ಕೆ ಅದು 112.50 ಮತ್ತು 487.50. ಸ್ಲಿಪ್ಪಿನಲ್ಲಿ 600 ಕಡಿತವಾಗಿದ್ದರೆ ಮಾಲೀಕನ ಪಾಲನ್ನೂ ಹುಡುಗನಿಂದಲೇ ಕಿತ್ತಿದ್ದಾರೆ ಎಂದರ್ಥ, ಅದಕ್ಕೆ ಕಾನೂನಿನಲ್ಲಿ ಅವಕಾಶವಿಲ್ಲ. ಕೆಲಸದ ವೇಳೆ ಬಿದ್ದು ಗಾಯವಾದರೆ ತಾತ್ಕಾಲಿಕ ಅಂಗವೈಕಲ್ಯಕ್ಕೆ ಪಗಾರದ ಶೇ. 90ರಷ್ಟು ಇಎಸ್‌ಐ ಕೊಡುತ್ತದೆ. ಬಿದ್ದ ದಿನವೇ ಮಾಲೀಕನಿಗೆ ಮೆಸೇಜಿನಲ್ಲಿ ತಿಳಿಸಿರಬೇಕು. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾದರೆ ಮುಂದೆ "ಆ ದಿನ ಡ್ಯೂಟಿಯಲ್ಲೇ ಇರಲಿಲ್ಲ" ಎನ್ನುತ್ತಾರೆ.

ಆ್ಯಪಿನವರಿಗೆ ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾಯ್ದೆ ಬಂದಿದೆ. ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ಕಾರಣ ಬರೆದು 14 ದಿನ ಮೊದಲು ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ. ಇದನ್ನು ಪೈಲಟ್‌ಗಳ ನಿಯಮದ ಪಕ್ಕದಲ್ಲಿಟ್ಟು ನೋಡಿ. ಹಾರಾಟಕ್ಕೆ ಮೊದಲಿನ ಮದ್ಯ ಪರೀಕ್ಷೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದ ಪೈಲಟ್‌ಗೆ ಮೂರು ತಿಂಗಳ ಅಮಾನತು, ಎರಡನೇ ಸಲ ಮೂರು ವರ್ಷ, ಮೂರನೇ ಸಲ ಲೈಸೆನ್ಸ್ ರದ್ದು. ಯಾವ ತಪ್ಪಿಗೆ ಯಾವ ಶಿಕ್ಷೆ ಎಂದು ಮೊದಲೇ ಬರೆದಿದೆ. ಗಿರಾಕಿಯ ಒಂದು ದೂರಿಗೆ ಐಡಿ ಬ್ಲಾಕ್ ಆದ ಹುಡುಗನಿಗೆ ಇಷ್ಟು ದಿನ ಕಾರಣ ಹೇಳುವವರೂ ಇರಲಿಲ್ಲ. ಸ್ಥಾನಮಾನ ಎಂದರೆ ಇದೇ. ಪಗಾರದ ಮುಂಚೆ ಬರುವಂಥದ್ದು.

ಗಿಗ್ ಕಾರ್ಮಿಕರ ರಾಜ್ಯ ವಿಮಾ ಯೋಜನೆಯೂ ಇದೆ. ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ ಅಪಘಾತ ವಿಮೆ, 2 ಲಕ್ಷ ಜೀವ ವಿಮೆ, ಒಟ್ಟು 4 ಲಕ್ಷ. ಇ-ಶ್ರಮ್ ಕಾರ್ಡ್ ಮಾಡಿಸಿ ಸೇವಾ ಸಿಂಧು ಪೋರ್ಟಲಿನಲ್ಲಿ ಅರ್ಜಿ ಹಾಕಬೇಕು. ಆಧಾರ್, ಇ-ಶ್ರಮ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ಇನಿಶಿಯಲ್ ಹಿಂದೆ ಮುಂದೆ ಆಗಿದ್ದರೂ ಹಣ ಬರುವಾಗ ತಕರಾರಾಗುತ್ತದೆ.

ಕೇಶ್ವಾಪುರ_ಓದುಗ

ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಗೋದಾಮಿನ ಆ ಎರಡು ತಾಸಿಗೆ ದುಡ್ಡು ಕೇಳಬೇಕಾದರೆ ಏನು ಪುರಾವೆ ಇಟ್ಟುಕೊಳ್ಳಬೇಕು?

ತಾರಿಹಾಳ_ಕ್ರಾಸ್

ಸಾದಾ 100 ಹಾಳಿ ನೋಟ್‌ಬುಕ್ ಸಾಕ್ರಿ. ದಿನಕ್ಕೊಂದು ಸಾಲು: ಗೋದಾಮಿಗೆ ಮುಟ್ಟಿದ ಟೈಮು, ಮೊದಲ ಪಾಕೀಟು ಹಿಡಿದು ಹೊರಬಿದ್ದ ಟೈಮು, ತುಂಬಿದ್ದು ಎಷ್ಟು, ಮುಟ್ಟಿಸಿದ್ದು ಎಷ್ಟು, ವಾಪಸ್ ಎಷ್ಟು, ಮೀಟರ್ ಎಷ್ಟು. ವಾರದ ಪೇಮೆಂಟ್ ಸ್ಕ್ರೀನ್‌ಶಾಟ್ ಅದ ದಿನ ತಕ್ಕೊರಿ, ಹಳೇ ವಾರದ್ದು ಆಮ್ಯಾಲ ಆ್ಯಪಿನ್ಯಾಗ ಕಾಣ್ತದ ಅನ್ನೂ ಖಾತ್ರಿ ಇಲ್ಲ. ಒಬ್ಬನ ನೋಟ್‌ಬುಕ್ ಆದ್ರ "ನೀ ಬೇಕಂತ ಬರ್ದೀ" ಅಂತಾರ. ಅದ ಗೋದಾಮಿನ ಎಂಟು-ಹತ್ತು ಹುಡುಗ್ರು ನಾಕು ವಾರ ಬರೆದು, ಎಲ್ಲಾರ ಟೈಮೂ ತಾಳೆ ಆದ್ರ ಕಾರ್ಮಿಕ ಇಲಾಖೆ ಮುಂದ ಮಾತಿಗೆ ತೂಕ ಬರ್ತದ. ಮೀಟರ್ ಫೋಟೊ ಮನಿ ಮುಂದ ಗಾಡಿ ಚಾಲೂ ಮಾಡೂ ಮೊದಲ ಒಂದು, ಗೋದಾಮಿನ ಗೇಟಿನ್ಯಾಗ ಒಂದು, ಎರಡೂ ತಗೀರಿ. ಗೇಟಿನ ಫೋಟೋದಾಗ ಬೋರ್ಡು ಕಾಣೂ ಹಂಗಿರ್ಲಿ, ಫೋನಿನ ಲೊಕೇಶನ್ ಚಾಲೂ ಇರ್ಲಿ.