ಬಳ್ಳಾರಿಯಾಗೆ ಮೊದಲ್ನೇ ಗಿಟಾರ್: ಇಲ್ಲೇ ತಗಳ್ಳಾ, ಹುಬ್ಳಿಗೆ ಹೋಗ್ಲಾ?

ತೋರಣಗಲ್ಲು ಫಿಟ್ಟರ್:

ನಮಸ್ಕಾರ ಎಲ್ರಿಗೂ. ಮೊದ್ಲೇ ಹೇಳ್ಬಿಡ್ತೀನಿ, ಸಂಗೀತ ಅಂದ್ರೆ ನಂಗೆ ಓನಾಮನೂ ಗೊತ್ತಿಲ್ಲ. ತೋರಣಗಲ್ಲು ಕಡೆ ಪ್ಲಾಂಟ್‌ನಾಗೆ ಮೆಕ್ಯಾನಿಕಲ್ ಮೇಂಟೆನೆನ್ಸ್, ಮನೆ ಬಳ್ಳಾರಿಯಾಗೆ. ಕಾಲೇಜ್ ಟೈಮಿಂದ ಗಿಟಾರ್ ಕಲೀಬೇಕು ಅಂತ ಆಸೆ, ಆವಾಗ ದುಡ್ಡಿರ್ಲಿಲ್ಲ, ಈವಾಗ ದುಡ್ಡೈತೆ, ವಯಸ್ಸು 31 ಆಗೈತೆ. ಮನೆಯಾಕಿ "ತಗಳ್ರಿ, ಆದ್ರೆ ಮೂರು ತಿಂಗ್ಳಿಗೆ ಅಟ್ಟಕ್ಕೆ ಹೋದ್ರೆ ನಾನೇ ಗುಜರಿಗೆ ಹಾಕ್ತೀನಿ" ಅಂದಾಳೆ. ಬಜೆಟ್ 8 ಸಾವಿರ, ಎಳೆದ್ರೆ 9.

ಮೊನ್ನೆ ವೀಕ್ಲಿ ಆಫ್ ಇತ್ತು, ರಾಯಲ್ ಸರ್ಕಲ್ ಹತ್ರ ಗಾಡಿ ನಿಲ್ಸಿ ಬ್ರೂಸ್ ಪೇಟೆ ಕಡೆ ನಡ್ಕೊಂಡು ಮೂರು ಅಂಗಡಿ ತಿರುಗಿದೆ. ಮೊದಲ್ನೇದ್ರಾಗೆ ಕೇರಂ ಬೋರ್ಡು, ಕ್ರಿಕೆಟ್ ಬ್ಯಾಟು, ಶೀಲ್ಡು, ಅದ್ರ ಮಧ್ಯೆ ನಾಕು ಗಿಟಾರ್ ನೇತು ಹಾಕಿದ್ರು, ಮಧ್ಯಾಹ್ನದ ಬಿಸಿಲು ನೇರ ಅದ್ರ ಮ್ಯಾಲೆ. ಯಾವ್ದು ಚೆನ್ನಾಗೈತಣ್ಣ ಅಂದ್ರೆ "ನುಡಿಸಾಕೆ ಬರ್ತದಾ? ಬರಲ್ಲ ಅಂದ್ಮೇಲೆ ಯಾವ್ದಾದ್ರೇನು, ಕಲರ್ ನೋಡಿ ತಗಳ್ರಿ" ಅಂದ. ಎರಡನೇ ಅಂಗಡಿಯಾಗೆ ಪ್ಲಾಸ್ಟಿಕ್ ಕವರ್ರೇ ಬಿಚ್ಚಲಿಲ್ಲ, ಬಿಚ್ಚಿದ್ರೆ ತಗಳ್ಳೇಬೇಕಂತೆ. ಮೂರನೇದು ಸಣ್ಣ ಅಂಗಡಿ, ವಯಸ್ಸಾದವ್ರು ಒಬ್ರು ಕುಂತಿದ್ರು, ಅವ್ರು ಒಂದು ಇಳಿಸಿ ಟ್ಯೂನ್ ಮಾಡಿ ಕೈಗೆ ಕೊಟ್ರು, ಬ್ಯಾಗು ಬೆಲ್ಟು ಪಿಕ್ಕು ಒಂದು ಸೆಟ್ ತಂತಿ ಸೇರಿ 6,800 ಅಂದ್ರು. ಅದೇ ಮಾಡೆಲ್ ಆನ್‌ಲೈನ್‌ನಾಗೆ 5,400 ತೋರಿಸ್ತೈತೆ.

ಆದ್ರೆ ತಂತಿ ಒತ್ತಿದ್ರೆ ವೈರ್ ರೋಪ್ ಒತ್ತಿದಂಗೆ ಬೆರಳು ಕುಯ್ಯುತ್ತೆ. ಅದು ಗಿಟಾರ್ ತಪ್ಪಾ ನನ್ ಬೆರಳು ತಪ್ಪಾ? ಇನ್ನೊಂದು, ಗಿವ್ಸನ್ ಅಂತ ಒಂದು ತೋರಿಸಿದ್ರು, ಗಿಬ್ಸನ್ ಅಂತಾರಲ್ಲ ಅದ್ರ ಡೂಪ್ಲಿಕೇಟಾ ಅದು? ಇಲ್ಲೇ ತಗಳ್ಳಾ, ಹುಬ್ಳಿಗೆ ಹೋಗ್ಲಾ, ಇಲ್ಲ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗ್ಳೂರಿಗೇ ಹೋಗ್ಲಾ?

ಕೌಲ್ ಬಜಾರ್ ಆರು ತಂತಿ:

ತಮ್ಮ, ಎರಡೂ ತಪ್ಪು ಐತೆ. ಹೊಸಬರಿಗೆ ಹದಿನೈದು ಇಪ್ಪತ್ತು ದಿನ ಬೆರಳು ಉರಿಯೋದು ಸಹಜ, ಆಮೇಲೆ ತುದಿ ಗಟ್ಟಿ ಆಗ್ತೈತೆ. ಆದ್ರೆ ವೈರ್ ರೋಪ್ ಅಂತ ಅನ್ನಿಸ್ತು ಅಂದ್ರೆ ಆಕ್ಷನ್ ಜಾಸ್ತಿ ಐತೆ ಅಂತ ಅರ್ಥ, ಅಂದ್ರೆ ತಂತಿಗೂ ಫ್ರೆಟ್ಟಿಗೂ (ನೆಕ್ಕು ಅನ್ನೋ ಉದ್ದ ಹಿಡಿ ಮ್ಯಾಲೆ ಅಡ್ಡಕ್ಕಿರೋ ಲೋಹದ ಪಟ್ಟಿ) ಮಧ್ಯೆ ಗ್ಯಾಪ್ ಜಾಸ್ತಿ. ನಾನು ಚರ್ಚಿನಾಗೆ ಹದಿನೆಂಟು ವರ್ಷದಿಂದ ನುಡಿಸ್ತಿದೀನಿ, ಕಲಿಯಾಕೆ ಬರೋ ಹುಡುಗ್ರು ಅರ್ಧಕ್ಕೆ ಬಿಡೋದು ಸೋಂಬೇರಿತನಕ್ಕಲ್ಲ, ಆಕ್ಷನ್ನಿಗೆ. ಗಿಟಾರ್ ಸರಿ ಇಲ್ಲ ಅಂತ ಅವ್ರಿಗೆ ಗೊತ್ತೇ ಆಗಲ್ಲ, ನಂಗೆ ಬರಲ್ಲ ಅಂತ ಬಿಟ್ಟುಬಿಡ್ತಾರೆ.

ನೀನು ಮೇಂಟೆನೆನ್ಸ್‌ನವ್ನು ಅಂದೆ, ನಿನ್ ಟೂಲ್ ಬ್ಯಾಗಿನಾಗೆ ಸ್ಟೀಲ್ ರೂಲು, ಸಂದು ಅಳೆಯೋ ತೆಳು ತಗಡಿನ ಫಿಲ್ಲರ್ ಗೇಜು ಇರ್ತೈತಲ್ಲ, ಅದ್ನ ಎತ್ಕೊಂಡು ಹೋಗು. ಪ್ಲಾಸ್ಟಿಕ್ ಸ್ಕೇಲ್ ಬ್ಯಾಡ, ಅದ್ರಾಗೆ ಸೊನ್ನೆ ಅಂಚಿಂದ ಶುರು ಆಗಲ್ಲ. ಹನ್ನೆರಡನೇ ಫ್ರೆಟ್ ಮ್ಯಾಲೆ ನಿಲ್ಸಿ ದಪ್ಪ ತಂತಿ ಕೆಳಗೆ ಅಳೆ, 2.5 ಮಿಲಿಮೀಟರ್ ಆಸುಪಾಸು ಇದ್ರೆ ಚೊಲೋ, ಸಣ್ಣ ತಂತಿ ಕೆಳಗೆ 2 ಇದ್ರೆ ಸಾಕು. ಮೂರೂವರೆ ನಾಕು ಬಂದ್ರೆ ಅದೇ ನಿನ್ ಬೆರಳು ಕುಯ್ದಿದ್ದು. ಆಮೇಲೆ ಅದೇ ದಪ್ಪ ತಂತಿನ ಮೊದಲ್ನೇ ಫ್ರೆಟ್‌ನಾಗೂ, ನೆಕ್ಕು ಬಾಡಿಗೆ ಕೂಡೋ ಜಾಗದಾಗೂ ಒಟ್ಟಿಗೆ ಒತ್ತಿ ಹಿಡಿ, ಏಳನೇ ಫ್ರೆಟ್‌ನಾಗೆ ಫಿಲ್ಲರ್ ಗೇಜ್ ತೂರಿಸು. 0.2, 0.3 ಮಿಲಿಮೀಟರ್ ಬಂದ್ರೆ ನೆಕ್ ನೆಟ್ಟಗೈತೆ. ಅದಕ್ಕಿಂತ ಭಾಳ ಜಾಸ್ತಿ ಇದ್ರೆ ನೆಕ್ ಬಿಲ್ಲಿನಂಗೆ ಬಾಗೈತೆ, ನೆಕ್ಕಿನ ಒಳಗೆ ಟ್ರಸ್ ರಾಡ್ ಅಂತ ಲೋಹದ ಸಲಾಕೆ ಇದ್ರೆ ಅಲೆನ್ ಕೀ ಹಾಕಿ ಕಾಲು ಸುತ್ತು ಕಾಲು ಸುತ್ತು ತಿರುವಿ ಸರಿ ಮಾಡ್ಬೋದು, ಟ್ರಸ್ ರಾಡೇ ಇಲ್ದಿರೋದಾದ್ರೆ ಮುಟ್ಟಬ್ಯಾಡ, ಅಲ್ಲೇ ಬಿಟ್ಟು ಬಾ. ಮೊಬೈಲ್ ಟಾರ್ಚ್ ಹಾಕಿ ಬಾಡಿ ತೂತಿನಾಗೆ ಇಣುಕಿದ್ರೆ ರಾಡಿನ ಬಾಯಿ ಕಾಣ್ತೈತೆ, ಕೆಲವದ್ರಾಗೆ ಮ್ಯಾಲೆ ತಲೆ ಹತ್ರ ಸಣ್ಣ ಮುಚ್ಚಳದ ಕೆಳಗಿರ್ತೈತೆ.

ನೆಕ್ ನೆಟ್ಟಗಿದ್ದೂ ತಂತಿ ಎತ್ತರ ಇದ್ರೆ ಸ್ಯಾಡಲ್ ಉಜ್ಜಬೇಕು, ಕೆಳಗೆ ಬಾಡಿ ಮ್ಯಾಲೆ ತಂತಿ ಸಿಗಿಸೋ ಬ್ರಿಡ್ಜಿನಾಗೆ ಬಿಳೀದು ಪಟ್ಟಿ ಇರ್ತೈತಲ್ಲ ಅದು. ಒಂದು ಮಿಲಿಮೀಟರ್ ಉಜ್ಜಿದ್ರೆ ಹನ್ನೆರಡನೇ ಫ್ರೆಟ್ ಹತ್ರ ಅರ್ಧ ಇಳೀತೈತೆ, ಲೆಕ್ಕ ಹಂಗೆ.

ಇನ್ನೊಂದು ನಮ್ಮೂರಿಂದು. ಬಳ್ಳಾರಿ ಬಿಸಿಲಿಗೆ ಕಟ್ಟಿಗೆ ಒಣಗಿ ಕುಗ್ಗುತೈತೆ, ತಂತಿ ಕೆಳಗಿರೋ ಲೋಹದ ಫ್ರೆಟ್ ಕುಗ್ಗಲ್ಲ. ಹಂಗಾಗಿ ಏಪ್ರಿಲ್ ಮೇ ಬಂತು ಅಂದ್ರೆ ಫ್ರೆಟ್ಟಿನ ತುದಿ ನೆಕ್ಕಿಂದ ಆಚೆ ಮುಳ್ಳಿನಂಗೆ ಬರ್ತೈತೆ. ನೆಕ್ಕಿನ ಅಂಚಿಗೆ ಕೈ ಮ್ಯಾಲಿಂದ ಕೆಳಗೆ ಸವರಿ ನೋಡು, ಚುಚ್ಚಿದ್ರೆ ಆ ಪೀಸ್ ಬ್ಯಾಡ. ಆ ಮೊದಲ್ನೇ ಅಂಗಡಿ ಬಿಸಿಲಾಗಿಂದಂತೂ ಬಿಟ್ಟಿ ಕೊಟ್ರೂ ತರಬ್ಯಾಡ. ಮನೆಗೆ ತಂದ್ಮೇಲೂ ಏರ್ ಕೂಲರ್ ಮುಂದೆ ಇಡಬ್ಯಾಡ, ಮುಚ್ಚಿದ ಕಾರಿನಾಗೆ ಬಿಡಬ್ಯಾಡ, ಕಾರ್ ಕಾವಿಗೆ ಅಂಟು ಸಡಿಲ ಆಗಿ ಬ್ರಿಡ್ಜೇ ಮ್ಯಾಲೆ ಏಳ್ತೈತೆ.

ಗಿವ್ಸನ್ ಡೂಪ್ಲಿಕೇಟ್ ಅಲ್ಲಪ, ಅದು ಕೋಲ್ಕತ್ತಾದ್ದು, ನಾನು ಕಲಿತಿದ್ದೇ ಅದ್ರಾಗೆ. ಗಿಬ್ಸನ್ ಅಮೆರಿಕದ್ದು, ಅದಕ್ಕೆ ನಿನ್ ಬೋನಸ್ ಅಲ್ಲ ನಮ್ಮಿಬ್ರ ಪಿಎಫ್ ಸೇರಿಸಿದ್ರೂ ಯೋಚ್ನೆ ಮಾಡ್ಬೇಕು.

ಗಂಗಾವತಿ ಕೀಬೋರ್ಡ್:

ಆನ್‌ಲೈನ್ ಬ್ಯಾಡ್ರಿ ಸರ್. ನಾ ಆರ್ಕೆಸ್ಟ್ರಾದಾಗ ಕೀಬೋರ್ಡ್ ಬಾರಸ್ತೀನಿ, ನಮ್ಮ ತಂಡದ ಹುಡುಗ ಆಫರ್‌ನಾಗ ಗಿಟಾರ್ ತರಿಸಿದ, ಡಬ್ಬಿ ಮ್ಯಾಲೆ ನಾಜೂಕು ಅಂತ ಸ್ಟಿಕ್ಕರ್ ಇತ್ತು, ಒಳಗ ನೋಡಿದ್ರ ತಲಿ ಬ್ಯಾರೆ ಮುಂಡ ಬ್ಯಾರೆ ಆಗಿತ್ತು. ವಾಪಸ್ ತಗೊಂಡ್ರು ಖರೆ, ಆದ್ರ ಇಪ್ಪತ್ತೆರಡು ದಿನ ಹಿಡೀತು, ಅಷ್ಟರಾಗ ಗಣೇಶನ ಸೀಜನ್ನೇ ಮುಗದು ಹೋತು. ನೀವು ಹೇಳೋ 1,400 ಫರಕಿನಾಗ ಬ್ಯಾಗು ತಂತಿ ಬೆಲ್ಟು ಕಳೀರಿ, ಉಳಿಯೋದು ಎಷ್ಟು?

ಸೆಕೆಂಡ್ ಹ್ಯಾಂಡ್ ನೋಡ್ರಿ ಅಂತಿದ್ನಿ, ಆ ಕಾಲ ಹೋತು. ಮೊದಲ ಹಂಪಿ ಎದುರಿಗೆ ಹೊಳಿ ಆಚಿಗೆ ವಿರುಪಾಪುರ ಗಡ್ಡಿಯಾಗ ಫಾರಿನ್‌ನವ್ರು ಊರಿಗೆ ಹೊಂಟಾಗ ಗಿಟಾರ್ ಮಾರಿ ಹೊಕ್ಕಿದ್ರು, ಹೊತ್ಕೊಂಡು ಹೋಗೋದು ಯಾರಿಗೆ ಬೇಕು. ನಾ ಅಲ್ಲೇ 3 ಸಾವಿರಕ್ಕ ಒಂದು ತಂದೀನಿ, ಹಿಂದ ಸಣ್ಣ ಸೀಳು ಐತಿ, ನಾದ ಮಾತ್ರ ಗಂಟಿ ಹೊಡದಂಗ. 2020ರಾಗ ಕೋರ್ಟ್ ಆದೇಶದ ಮ್ಯಾಲೆ ಅಲ್ಲಿ ಗೆಸ್ಟ್ ಹೌಸ್ ಕೆಡವಿದ್ರಲ್ಲ, ಅದರ ಜೋಡಿ ನಮ್ಮ ಗಿಟಾರ್ ಸಂತಿನೂ ಮುಗೀತು.

ರಾಯಚೂರು ಅಮ್ಮ:

ನಡುವ ಬಾಯಿ ಹಾಕ್ತೀನಿ, ತಪ್ಪು ತಿಳ್ಕೋಬ್ಯಾಡ್ರಿ. ನನ್ನ ಮಗಳಿಗೆ ಒಂಬತ್ತು ವರ್ಷ, ಹೋದ ವರ್ಷ ನಮ್ಮೂರಾಗ ಒಂದು ಅಂಗಡಿಯಾಗ ಅಕಿ ಸಲುವಾಗಿ 36 ಇಂಚಿಂದು ತಗೊಂಡ್ವಿ. ನೈಲಾನ್ ತಂತಿ ಇತ್ತು, ಮೆತ್ತಗ ಅದ, ಕೂಸಿನ ಬೆರಳಿಗೆ ಚೊಲೋ ಅಂತ ನಾ ಅಂದೆ, ಅಂಗಡಿಯಾತ "ಮೇಡಂ ಸೌಂಡ್ ಬರಂಗಿಲ್ಲ, ಸ್ಟೀಲ್ ಹಾಕಿ ಕೊಡ್ತೀನಿ" ಅಂತ ನಮ್ಮ ಮುಂದನೇ ಬದಲಿ ಮಾಡಿ ಕೊಟ್ಟ. ಎರಡು ತಿಂಗಳಿಗೆ ರಾತ್ರಿ ಊಟಕ್ಕ ಕುಂತಾಗ ಒಳಗಿನ ಖೋಲಿಯಾಗ ಢಬ್ ಅಂತು, ಹೋಗಿ ನೋಡಿದ್ರ ಬ್ರಿಡ್ಜ್ ಕಿತ್ತು ತಂತಿಗಿ ಜೋತು ಬಿದ್ದದ. ಕೇಳಕ್ಕ ಹೋದ್ರ ನೀವೇ ಕೆಡವೀರಿ ಅಂದ. ಮಗಳು ಎರಡು ದಿನ ಅತ್ತಳು. ಈಗ ನಾಕು ತಂತಿಯ ಸಣ್ಣ ಯುಕುಲೇಲೆ ತಗೋರಿ ಅಂತಾರ, ಹೆಣ್ಣು ಹುಡುಗಿಗಿ ಅದೇ ಸಾಕಂತ. ಅಕಿಗಿ ಗಿಟಾರೇ ಬೇಕು. ಸ್ಟೀಲ್ ಹಾಕಿದ್ದಕ್ಕೇ ಹಿಂಗಾಯ್ತಾ?

ಕೌಲ್ ಬಜಾರ್ ಆರು ತಂತಿ:

ಅಕ್ಕ, ಅದಕ್ಕೇ ಆಗಿದ್ದು. ನೈಲಾನ್ ಆರು ತಂತಿ ಸೇರಿ ಎಳೆಯೋದು ಹತ್ತಿರ ಹತ್ತಿರ 40 ಕೆಜಿ, ಸ್ಟೀಲ್ ಸೆಟ್ 60, 70 ಕೆಜಿ ಮುಟ್ಟುತೈತೆ. 40ಕ್ಕೆ ಅಂಟಿಸಿರೋ ಬ್ರಿಡ್ಜು 70 ತಡೆಯಾಕೆ ಎಲ್ಲಿಂದ ಬರ್ತೈತೆ, ಎರಡು ತಿಂಗ್ಳು ನಿಂತಿದ್ದೇ ದೊಡ್ದು. ನೀವು ಕೆಡವಿಲ್ಲ, ಮಗೂನೂ ಕೆಡವಿಲ್ಲ. ಕಟ್ಟಿಗೆ ಸೀಳಿಲ್ಲ ಅಂದ್ರೆ ಬ್ರಿಡ್ಜ್ ಮತ್ತೆ ಅಂಟಿಸ್ಬೋದು, ಫೆವಿಕ್ವಿಕ್ ಮಾತ್ರ ಹಾಕಬ್ಯಾಡ್ರಿ. ಹಳೇ ಅಂಟು ಪೂರಾ ಕೆರೆದು, ಮರದ ಅಂಟು ಹಾಕಿ, ಕ್ಲಾಂಪ್ ಬಿಗಿದು ಒಂದು ದಿನ ಮುಟ್ಟದಂಗೆ ಬಿಡಬೇಕು, ವಾಪಸ್ ನೈಲಾನ್ನೇ ಹಾಕಬೇಕು. ಒಂಬತ್ತು ವರ್ಷಕ್ಕೆ 34, 36 ಸೈಜು ಸರಿ. ಯುಕುಲೇಲೆ ಬ್ಯಾರೆ ವಾದ್ಯ, ಹುಡುಗೀರ ಗಿಟಾರ್ ಅಲ್ಲ ಅದು.

ಫಿಟ್ಟರ್ ತಮ್ಮ ನೀನೂ ಕೇಳ್ಕೋ, ತಗಳ್ಳೋ ಮುಂಚೆ ಒಂದು ತೆಳು ಕಾಗದ ಬ್ರಿಡ್ಜಿನ ಹಿಂದಿನ ಅಂಚಿಗೆ ತೂರಿಸಿ ನೋಡು, ಒಳಗೆ ಹೋಯ್ತು ಅಂದ್ರೆ ಅಂಟು ಬಿಟ್ಟೈತೆ ಅಂತ.

ಪೇಟಿ ಮಾಸ್ತರ:

ನನಗ ಗಿಟಾರ್ ತಿಳಿಯಂಗಿಲ್ರಿ, ನಾಟಕದಾಗ ಹಾರ್ಮೋನಿಯಂ ನುಡಿಸಾಂವ, ಈಗ ನಿವೃತ್ತ. ಆದ್ರ ಅಂಗಡಿ ತಿಳಿತೈತಿ. ಆ ಮೂರನೇ ಅಂಗಡಿಯವ್ರು ನೀವು ಕೇಳದನ ಶ್ರುತಿ ಮಾಡಿ ಕೈಗೆ ಕೊಟ್ರು ಅಂದ್ರೆಲ್ಲ, ಅಲ್ಲಿಗೇ ಹೋಗ್ರಿ. ವಾದ್ಯ ಮಾರೋರು ಊರಿಗೆ ಹತ್ತು ಮಂದಿ ಸಿಗ್ತಾರ, ಶ್ರುತಿ ಮಾಡಾಕ ಬರೋರು ಒಬ್ಬರು ಇದ್ರ ನಮ್ಮ ಪುಣ್ಯ. ನನ್ನ ಪೆಟಗಿ ತಿದಿ ಇಲಿ ಕಡದಾಗ ಬಳ್ಳಾರಿಯಾಗ ಯಾರೂ ಸಿಗಲಿಲ್ಲ, ಗದಗದ ಪುಣ್ಯಾಶ್ರಮದ ಕಡೆ ವಿಚಾರಿಸಿ, ಅಲ್ಲಿಂದ ಒಬ್ಬರ ವಿಳಾಸ ಸಿಕ್ಕು, ಬಸ್ಸಿನಾಗ ತೊಡಿ ಮ್ಯಾಲೆ ಇಟ್ಕೊಂಡು ಹೋಗಿದ್ನಿ. ಕಂಡಕ್ಟರ್ ಅರ್ಧ ಟಿಕೆಟ್ ಹಾಕಿದ ಅದಕ್ಕ. ನಮ್ಮ ಗಾಯಕರು ತಂಬೂರಿ ಬೇಕಂದ್ರ ಮಿರಜಿಗೇ ಹೋಗತಿದ್ರು, 2024ರಾಗ ಆ ಮಿರಜ್ ತಂಬೂರಿ ಸಿತಾರಿಗೆ ಜಿಐ ಟ್ಯಾಗ್‌ನೂ ಬಂತು. ಅಂಥಾದ್ದಕ್ಕ ದೂರ ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಏಳೆಂಟು ಸಾವಿರದ ಗಿಟಾರಿಗೆ ಹುಬ್ಳಿಗೆ ಹೋಗಿ ತಂದು, ನಾಳೆ ತಂತಿ ಬಿಗಿಯೋ ಕಿವಿ ಸಡಲಾತು ಅಂದ್ರ ಮತ್ತ ಹುಬ್ಳಿಗೇ ಹೊಕ್ಕೀರೇನು?

ತೋರಣಗಲ್ಲು ಫಿಟ್ಟರ್:

ಎಲ್ರಿಗೂ ಥ್ಯಾಂಕ್ಸ್, ತಗಂಡೆ. ಅದೇ ಮೂರನೇ ಅಂಗಡಿ.

ನೈಟ್ ಶಿಫ್ಟ್ ಮುಗಿಸಿ ಸೀದಾ ಹೋದೆ, ಬ್ಯಾಗಿಂದ ಫಿಲ್ಲರ್ ಗೇಜ್ ತೆಗೆದ ತಕ್ಷಣ ಆ ಹಿರಿಯರು ಕನ್ನಡಕ ಏರಿಸ್ಕೊಂಡು "ಗಿಟಾರಿಗೆ ಜ್ವರ ನೋಡೋರು ನೀವೇ ಮೊದಲಪ್ಪ" ಅಂದ್ರು. ಅಳೆದೆ. ಏಳನೇ ಫ್ರೆಟ್‌ನಾಗೆ 0.25 ಆರಾಮ್ ಹೋಯ್ತು 0.30 ಹಿಡೀತು, ನೆಕ್ ಓಕೆ. ಹನ್ನೆರಡನೇದ್ರಾಗೆ 3.4! ಅವ್ರಿಗೆ ತೋರಿಸಿದೆ, ಅವ್ರು ಕೋಪ ಮಾಡ್ಕೊಳ್ಳಲಿಲ್ಲ, ತಂತಿ ಸಡಿಲ ಮಾಡಿ ಸ್ಯಾಡಲ್ ಇಕ್ಕಳದಾಗೆ ಎಳೆದು ತೆಗೆದು, ತಳಕ್ಕೆ ಪೆನ್ಸಿಲ್ ಗೆರೆ ಎಳೆದು, ಕೌಂಟರಿನ ಗಾಜಿನ ಮ್ಯಾಲೆ ಎಮರಿ ಪೇಪರ್ ಇಟ್ಟು ಉಜ್ಜಾಕೆ ಕುಂತ್ರು. ಉಜ್ಜೋದು, ಊದೋದು, ಹಾಕೋದು, ಮತ್ತೆ ತಂತಿ ಏರಿಸೋದು. ನಾನು ಅಳೆಯೋದು. ಮಧ್ಯೆ ಎರಡು ಸಲ ಚಹಾ ಬಂತು. ಮೊದಲ್ನೇ ಸಲ 3.0, ಎರಡನೇ ಸಲ 2.7ಕ್ಕೆ ನಿಂತ್ಕೊಂತು, ಇನ್ನೂ ಇಳಿಸಿದ್ರೆ ತಂತಿ ಜರ್ ಅಂತೈತೆ ಸಾಕು ಅಂದ್ರು. ಆಮೇಲೆ ಅದೇ ಜಾಗದಾಗೆ ಒತ್ತಿದೆ, ಅದೇ ಗಿಟಾರ್ ಅಂತ ನಂಬಾಕಾಗ್ಲಿಲ್ಲ. ಕಾಗದ ತೂರ್ಲಿಲ್ಲ, ಫ್ರೆಟ್ ತುದಿ ಎರಡು ಕಡೆ ಸ್ವಲ್ಪ ಚುಚ್ಚುತಿತ್ತು, ಸಣ್ಣ ಅರದಾಗೆ ಅವ್ರೇ ಸವರಿ ಕೊಟ್ರು. 6,300ಕ್ಕೆ ಮುಗೀತು. ನೀವು "ನಟ್ ನೋಡು" ಅಂದಿದ್ರೆ ನಾನು ಸ್ಪ್ಯಾನರ್ ತಗಂಡು ಹೋಗ್ತಿದ್ನೇನೋ, ಮ್ಯಾಲೆ ತಲೆ ಹತ್ರ ತಂತಿ ಕೂರೋ ಬಿಳೀ ಪಟ್ಟಿಗೆ ನಟ್ ಅಂತಾರಂತೆ, ಅದೂ ಅವ್ರೇ ಹೇಳಿದ್ರು.

ರಾಯಚೂರು ಅಕ್ಕ, ನಿಮ್ ಮಗಳ ಗಿಟಾರ್ ವಿಷ್ಯ ಅವ್ರಿಗೆ ಕೇಳಿದೆ, ತಂದು ಕೊಟ್ರೆ ಬ್ರಿಡ್ಜ್ ಅಂಟಿಸಿ ಕೊಡ್ತಾರಂತೆ, ಮೊದ್ಲು ಫೋಟೋ ಕಳ್ಸಾಕೆ ಹೇಳಿದ್ರು. ಇಲ್ಲಿ ಮೆಸೇಜ್ ಮಾಡ್ರಿ.

ಈಗ ಒಂದೇ ಪ್ರಾಬ್ಲಂ. ನಿನ್ನೆ ರಾತ್ರಿ ಮೊಬೈಲ್ ಆಪ್ ಹಾಕಿ ನಾನೇ ಟ್ಯೂನ್ ಮಾಡಾಕೆ ಹೋದೆ, ಅತಿ ಸಣ್ಣ ತಂತಿ ಪಟ್ ಅಂತ ಹರಿದು ಮೂಗಿಗೆ ಬಡೀತು.

ಕೌಲ್ ಬಜಾರ್ ಆರು ತಂತಿ:

ಆಪ್‌ನಾಗೆ ಇ (E) ಅಂತ ಸ್ವರ ಎರಡು ಕಡೆ ಬರ್ತೈತೆ, ದಪ್ಪ ತಂತಿದು ಒಂದು, ಸಣ್ಣ ತಂತಿದು ಒಂದು. ನೀನು ಇ ಬಂದ್ಮೇಲೂ ತಿರುವ್ತಾ ಹೋದ್ಯಾ?

ತೋರಣಗಲ್ಲು ಫಿಟ್ಟರ್:

ಹಸಿರು ಲೈಟ್ ಒಂದ್ಸಲ ಬಂತಣ್ಣ, ಇನ್ನೊಂದು ಸ್ವಲ್ಪ ಟೈಟ್ ಇರ್ಲಿ ಅಂತ... ಬೋಲ್ಟ್ ಅಭ್ಯಾಸ.

ಕೌಲ್ ಬಜಾರ್ ಆರು ತಂತಿ:

10 ನಂಬರ್ ತೆಳು ತಂತಿ ಸೆಟ್ ತಗಂಡು ಭಾನುವಾರ ಚರ್ಚ್ ಮುಗಿದ್ಮೇಲೆ ಬಾ, ಹಾಕೋದು ತೋರಿಸ್ತೀನಿ. ಸ್ಪ್ಯಾನರ್ ಮನೆಯಾಗೇ ಇಟ್ಟು ಬಾ.